ಸೆಟೆದ ಸೀಟು, ಜೆ.ಸಿ. ರಸ್ತೆಯ ಸೂಜಿ

ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನದ ಎದುರಿನಿಂದ ಜೆ.ಸಿ. ರಸ್ತೆಗೆ ಇಳಿದರೆ ರವೀಂದ್ರ ಕಲಾಕ್ಷೇತ್ರ ದಾಟುವ ತನಕ ನಾಟಕ, ಸಂಗೀತ, ಪುಸ್ತಕ ಬಿಡುಗಡೆಗಳ ಲೋಕ. ಅಲ್ಲಿಂದ ಮಿನರ್ವ ವೃತ್ತದ ಕಡೆಗೆ ನಡೆಯುತ್ತ ಹೋದಂತೆ ಬಂಪರು, ಹೆಡ್‌ಲೈಟು, ಹಾರ್ನು, ರಬ್ಬರ್ ಬೀಡಿಂಗುಗಳ ಅಂಗಡಿಗಳು ಎರಡೂ ಬದಿಗೆ ಶುರುವಾಗುತ್ತವೆ. ಫುಟ್‌ಪಾತಿನ ಮೇಲೆ ನಿಂತ ಹುಡುಗರು ನಿಧಾನಿಸಿದ ಪ್ರತಿ ಕಾರಿನ ಕಿಟಕಿಗೂ ಬಾಗಿ, 'ಸೀಟ್ ಕವರ್ ಬೇಕಾ ಸಾರ್, ಮ್ಯಾಟಿಂಗ್ ಬೇಕಾ?' ಎಂದು ಕೇಳುತ್ತಾರೆ. ಅಂಗಡಿಯ ಬಾಗಿಲಲ್ಲಿ ರೆಕ್ಸಿನ್ ರೋಲುಗಳನ್ನು ನೆಟ್ಟಗೆ ನಿಲ್ಲಿಸಿರುತ್ತಾರೆ. ಕಪ್ಪು, ಕಂದು, ಕ್ರೀಮು, ಕೆಂಪು. ಹೊಸ ರೆಕ್ಸಿನ್ನಿನ ಆ ಘಾಟು ವಾಸನೆ ಬಿಸಿಲೇರಿದಂತೆ ಇನ್ನಷ್ಟು ಗಾಢವಾಗುತ್ತದೆ. ಆ ವಾಸನೆಯಲ್ಲಿ ಈ ಬರಹದ ಅರ್ಧ ಕಥೆ ಅಡಗಿದೆ.

ಮುಖ್ಯರಸ್ತೆಯ ಅಂಗಡಿಗಳಲ್ಲಿ ನಡೆಯುವುದು ಹೆಚ್ಚಾಗಿ ಹೊಸ ಕಾರುಗಳ ಕೆಲಸ. ಮೊದಲೇ ಹೊಲಿದಿಟ್ಟ ಕವರನ್ನು ಸೀಟಿನ ಮೇಲೆ ಎಳೆದು ಕೂರಿಸುತ್ತಾರೆ, ಮಾಲೀಕರು ಕಾಫಿ ಕುಡಿದು ಬರುವಷ್ಟರಲ್ಲಿ ಕಾರು ಸಿದ್ಧ. ಹಳೆಯ ಕಾರಿನವರು ಹುಡುಕಿಕೊಂಡು ಹೋಗುವುದು ಪಕ್ಕದ ಸಣ್ಣ ಗಲ್ಲಿಗಳಿಗೆ. ಅಂಥದೊಂದು ಗಲ್ಲಿಯ ಕೊನೆಯಲ್ಲಿ, ತಗಡಿನ ಚಾವಣಿಯ ಕೆಳಗೆ, ಎರಡು ಕಾರು ನಿಲ್ಲುವಷ್ಟೇ ಜಾಗದ ಒಂದು ಕುಷನ್ ವರ್ಕ್ಸ್ ಇದೆ. ಅಲ್ಲಿನ ಹಿರಿಯರನ್ನು ಹುಡುಗರೆಲ್ಲ 'ಉಸ್ತಾದ್' ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ನಾನು ಹೋದ ಹೊತ್ತಿಗೆ ಒಳಗೆ ಒಂದು ಪ್ರೀಮಿಯರ್ ಪದ್ಮಿನಿ ನಿಂತಿತ್ತು, ನಾಲ್ಕೂ ಬಾಗಿಲು ತೆರೆದುಕೊಂಡು. ಇಟಲಿಯ ಫಿಯಟ್ 1100 ಮಾದರಿಯನ್ನು ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಇಲ್ಲಿ ತಯಾರಿಸುತ್ತಿತ್ತು. ಪದ್ಮಿನಿ ಎಂಬ ಹೆಸರು ಬಂದದ್ದು ಎಪ್ಪತ್ತರ ದಶಕದ ನಡುವೆ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದೆ ಆ ಬದಿಯಿಂದ ಈ ಬದಿಯವರೆಗೆ ಒಂದೇ ಉದ್ದನೆಯ ಬೆಂಚ್ ಸೀಟು. ಈ ಕಾರಿನ ಒಡತಿ ಹಾಸನದ ನಿವೃತ್ತ ಶಿಕ್ಷಕಿ. ತಂದೆ ಕೊಂಡ ಕಾರು, ತಂದೆಯ ಕಾಲದ ಸೀಟು. ಅವರ ಬೇಡಿಕೆ ಒಂದೇ: 'ಭಾಯ್, ಎಷ್ಟು ಸಾಧ್ಯವೋ ಅಷ್ಟು ಹಳೇದನ್ನೇ ಉಳಿಸಿಕೊಡಿ.'

ಉಸ್ತಾದರು ಆ ಮಾತಿಗೆ ಉತ್ತರ ಕೊಡಲಿಲ್ಲ. ಮೊದಲು ಹಿಂದಿನ ಸೀಟಿನ ಒರಗಿನ ಮೇಲಂಚನ್ನು, ಹಿಂಗಾಜಿನ ಕೆಳಗೆ ಬರುವ ಆ ಪಟ್ಟಿಯನ್ನು, ಉಗುರಿನಿಂದ ಒತ್ತಿದರು. ಉಗುರಿನ ಗುರುತು ಮೂಡಲೇ ಇಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಹಲಗೆ ತಟ್ಟಿದ ಸದ್ದು ಬಂತು. ಮೂಲದಲ್ಲಿ ಅದು ತಿಳಿ ಕಂದು ಬಣ್ಣ. ಅಲ್ಲಿ ಮಾತ್ರ ಸುಟ್ಟ ಹಾಗೆ ಕಪ್ಪಿಟ್ಟಿತ್ತು, ಹೊಲಿಗೆಯ ಗುಂಟ ಕೂದಲೆಳೆಯಂಥ ಬಿರುಕುಗಳು. ಆಮೇಲೆ ಅವರು ಸೀಟನ್ನು ಮೇಲೆತ್ತಿ, ತಳಕ್ಕೆ ಮಡಚಿ ಹಾಕಿದ್ದ ನಾಲ್ಕು ಬೆರಳಗಲದ ಅಂಚನ್ನು ಬಿಡಿಸಿ, ಎರಡು ಬೆರಳ ನಡುವೆ ಸುರುಳಿ ಸುತ್ತಿದರು. ಬಟ್ಟೆಯಂತೆ ಸುತ್ತಿಕೊಂಡಿತು. ಬಿಟ್ಟರೆ ಮೆಲ್ಲಗೆ ಬಿಚ್ಚಿಕೊಂಡಿತು. ಬಣ್ಣವೂ ನೆಟ್ಟಗಿತ್ತು.

'ನೋಡಿ ಮೇಡಂ, ಎರಡೂ ಒಂದೇ ರೋಲಿಂದ ಕಟ್ ಮಾಡಿರೋದು. ವಯಸ್ಸೂ ಒಂದೇ. ಇದಕ್ಕೆ ಬಿಸಿಲು ತಾಗಿಲ್ಲ, ಅದಕ್ಕೆ ತಾಗಿದೆ. ಅಷ್ಟೇ ವ್ಯತ್ಯಾಸ.'

ಆ ವ್ಯತ್ಯಾಸಕ್ಕೆ ಕಾರಣ ರೆಕ್ಸಿನ್ನಿನ ಹುಟ್ಟಿನಲ್ಲೇ ಇದೆ. ಇವತ್ತು ನಾವು ರೆಕ್ಸಿನ್ ಎಂದು ಕೊಳ್ಳುವುದರಲ್ಲಿ ಬಹುಪಾಲು ಬಟ್ಟೆಯ ಮೇಲೆ ಲೇಪಿಸಿದ ಪಿವಿಸಿ. ಪಿವಿಸಿ ತಾನಾಗಿ ಮೆತ್ತನೆಯ ವಸ್ತುವಲ್ಲ. ಬೋರ್‌ವೆಲ್ಲಿಗೆ ಇಳಿಸುವ ಪೈಪು, ಮನೆಯ ನೀರಿನ ಪೈಪು ಅದರ ಸಹಜ ರೂಪ. ಅದಕ್ಕೆ ಎಣ್ಣೆಯಂಥ ದ್ರವ, ಅಂದರೆ ಪ್ಲಾಸ್ಟಿಸೈಸರ್ ಸೇರಿಸಿದಾಗ ಮಾತ್ರ ಬಾಗುವ, ಮಡಚುವ ಗುಣ ಬರುತ್ತದೆ. ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿದ್ದ ವಾಲ್ಡೊ ಸೆಮನ್ 1926ರಲ್ಲಿ ಈ ದಾರಿ ಕಂಡುಕೊಂಡ ಮೇಲೆ ಪಿವಿಸಿ ಮಳೆಯಂಗಿ, ಚೀಲ, ಸೀಟುಗಳಿಗೆಲ್ಲ ಬಂತು. ಸೀಟಿನ ರೆಕ್ಸಿನ್ನಿಗೆ ನೂರು ಭಾಗ ಪಿವಿಸಿಗೆ ಸುಮಾರು 50ರಿಂದ 80 ಭಾಗದಷ್ಟು ಇಂಥ ದ್ರವ ಬೇಕಾಗುತ್ತದೆ. ನಾವು ಕೂರುವುದರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಆ ಎಣ್ಣೆಯೇ.

ಆದರೆ ಅದು ಪಿವಿಸಿಯ ಅಣುಗಳಿಗೆ ರಾಸಾಯನಿಕವಾಗಿ ಕಟ್ಟಿಕೊಂಡಿಲ್ಲ. ಅವುಗಳ ಸಂದಿಯಲ್ಲಿ ಸೇರಿಕೊಂಡಿದೆ, ಹಾಗಾಗಿ ಕಾಲಕ್ರಮೇಣ ಹೊರಗೆ ಹೊರಡುತ್ತದೆ. ಒಂದು ಪಾಲು ಗಾಳಿಗೆ ಹೋಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಮುಂಗಾಜಿನ ಒಳಮೈಯನ್ನು ಒರೆಸಿದರೆ ಬಟ್ಟೆಗೆ ಜಿಡ್ಡು ಹತ್ತುತ್ತದಲ್ಲ, ಅದರಲ್ಲಿ ಈ ದ್ರವದ ಪಾಲು ದೊಡ್ಡದು. ಇನ್ನೊಂದು ಪಾಲನ್ನು ಕೆಳಗಿನ ಫೋಮು, ಅಂಟು, ಹತ್ತಿಬಟ್ಟೆ ಹೀರಿಕೊಳ್ಳುತ್ತವೆ. ಬಾಗಿಲು ಮುಚ್ಚಿದ ಕಾರಿನೊಳಗೆ ಬೇಸಗೆಯ ಮಧ್ಯಾಹ್ನ 60 ಡಿಗ್ರಿ ದಾಟುವುದು ಸುಲಭ, ಆ ಕಾವಿನಲ್ಲಿ ಈ ವಲಸೆಗೆ ವೇಗ ಬರುತ್ತದೆ. ಜೊತೆಗೆ ಬಿಸಿಲಿನ ಅತಿನೇರಳೆ ಕಿರಣ ಪಿವಿಸಿಯನ್ನೇ ಮುರಿಯುತ್ತದೆ. ಹಾಗೆ ಮುರಿದಾಗ ಹೊರಬರುವ ಹೈಡ್ರೊಕ್ಲೋರಿಕ್ ಆಮ್ಲ ಪಕ್ಕದ ಭಾಗವನ್ನೂ ಕೆಡಿಸುತ್ತ ಹೋಗುತ್ತದೆ. ಹಿಂಗಾಜಿನ ಕೆಳಗಿನ ಪಟ್ಟಿ ಕಪ್ಪಿಟ್ಟದ್ದು ಇದರಿಂದ. ಬಾಗಿಲ ಹಲಗೆಯ ಮೇಲಂಚು, ಡ್ರೈವರ್ ಸೀಟಿನ ಬಲ ಅಂಚು ಮೊದಲು ಹೋಗುವುದಕ್ಕೂ ಹೀಗೆ ಕಾರಣಗಳಿವೆ: ಒಂದಕ್ಕೆ ಬಿಸಿಲು, ಇನ್ನೊಂದಕ್ಕೆ ಹತ್ತಿ ಇಳಿಯುವವರ ತೊಡೆಯ ತಿಕ್ಕಾಟ, ಬೆವರು, ತಲೆಗೂದಲಿನ ಎಣ್ಣೆ ಹತ್ತಿದ ಕೈ.

ಎಲ್ಲ ರೆಕ್ಸಿನ್ನೂ ಒಂದೇ ವೇಗದಲ್ಲಿ ಒಣಗುವುದಿಲ್ಲ ಎನ್ನುವುದನ್ನೂ ಹೇಳಬೇಕು. 1976ರಿಂದ ಬಂದ ಮರ್ಸಿಡಿಸ್ 123 ಮಾದರಿಯ ಕಾರುಗಳಿಗೆ ಹಾಕುತ್ತಿದ್ದ ಎಂಬಿ-ಟೆಕ್ಸ್ ಕೂಡ ವಿನೈಲೇ, ಅಂದರೆ ಪಿವಿಸಿಯೇ. ಅಂಥ ಎಷ್ಟೋ ಸೀಟುಗಳು ಇವತ್ತಿಗೂ ಮೆತ್ತಗಿವೆ. ಬೆರೆಸಿದ ದ್ರವದ ಅಣು ದೊಡ್ಡದಿದ್ದಷ್ಟೂ ಅದು ಹೊರಡುವುದು ನಿಧಾನ. ಸಸ್ತಾ ರೆಕ್ಸಿನ್ನಿಗೂ ಒಳ್ಳೆಯದಕ್ಕೂ ಅಂಗಡಿಯಲ್ಲಿ ಕೈಗೆ ವ್ಯತ್ಯಾಸ ತಿಳಿಯದೇ ಇರಬಹುದು. ಐದು ಬೇಸಗೆ ಕಳೆದ ಮೇಲೆ ತಿಳಿಯುತ್ತದೆ.

ಹೀಗೆ ಹೊರಟುಹೋದ ದ್ರವವನ್ನು ವಾಪಸು ತುಂಬಬಹುದೇ? ಹಳೆ ಕಾರಿಟ್ಟುಕೊಂಡವರೆಲ್ಲ ಕೇಳುವ ಪ್ರಶ್ನೆ ಇದು. ನಾನು ನೋಡಿ, ಕೇಳಿ, ಓದಿ ತಿಳಿದ ಮಟ್ಟಿಗೆ ಉತ್ತರ: ಸೀಟಿನ ಮೇಲೆ ಏನನ್ನಾದರೂ ಹಚ್ಚಿ ಅದನ್ನು ತುಂಬಲಾಗುವುದಿಲ್ಲ. ತೆಂಗಿನೆಣ್ಣೆ, ಗ್ಲಿಸರಿನ್, ಬೇಬಿ ಆಯಿಲ್ ಹಚ್ಚುವವರಿದ್ದಾರೆ. ಅವು ಮೇಲೆಯೇ ನಿಂತು ಧೂಳು ಹಿಡಿಯುತ್ತವೆ, ಎರಡು ವಾರಕ್ಕೆ ಸೀಟು ಅಂಟಂಟಾಗುತ್ತದೆ. ಹೊಳಪಿನ ಸಿಲಿಕೋನ್ ಪಾಲಿಶ್ ಮೇಲ್ಮೈಯನ್ನು ಜಾರುವಂತೆ ಮಾಡುತ್ತದೆ. ಜಾರುವುದನ್ನು ಕೈ ಮೆತ್ತಗೆಂದು ತಿಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಆಮೇಲೆ ಬರುತ್ತದೆ: ಸಿಲಿಕೋನ್ ಹತ್ತಿದ ಜಾಗದಲ್ಲಿ ಬಣ್ಣ ಕೂರುವುದಿಲ್ಲ, ಸಿಂಪಡಿಸಿದ ಕೂಡಲೇ ಅಲ್ಲಲ್ಲಿ ಕುಳಿ ಬೀಳುತ್ತದೆ. ಇನ್ನು ಪೆಟ್ರೋಲ್, ಥಿನ್ನರ್. ಕಲೆ ತೆಗೆಯಲೆಂದು ಅವನ್ನು ಬಳಸುವುದು ನಿಜಕ್ಕೂ ಅನ್ಯಾಯ. ಒರೆಸುವಾಗ ರೆಕ್ಸಿನ್ ಉಬ್ಬಿ ಮೃದುವಾದಂತೆ ತೋರುತ್ತದೆ, ಆದರೆ ಆ ಬಟ್ಟೆಗೆ ಕಲೆಯ ಜೊತೆ ಉಳಿದಿದ್ದ ಪ್ಲಾಸ್ಟಿಸೈಸರೂ ಬಂದಿರುತ್ತದೆ. ಮಾರನೆಯ ದಿನ ಆ ಜಾಗ ಮೊದಲಿಗಿಂತ ಬಿರುಸು. ಮೃದುಗೊಳಿಸುತ್ತೇವೆ ಎಂದು ಸೀಸೆಯಲ್ಲಿ ಮಾರುವ ಕೆಲವು ದ್ರಾವಣಗಳಲ್ಲಿರುವುದೂ ಇಂಥ ದ್ರಾವಕಗಳೇ. ಕೊಳ್ಳುವ ಮುನ್ನ ಲೇಬಲ್ ಓದಬೇಕು, ಲೇಬಲ್ ಇಲ್ಲದ್ದನ್ನು ಮುಟ್ಟಬಾರದು.

ಹಾಗಾದರೆ ಉಸ್ತಾದರು ಮಾಡುವುದೇನು? ಅವರು ಒಟ್ಟು ಸೀಟನ್ನು ನೋಡುವುದಿಲ್ಲ, ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಯಾವುದು ಕೊಳೆಯಿಂದ ಗಟ್ಟಿಯಾಗಿದೆ, ಯಾವುದು ಒಣಗಿದರೂ ಇನ್ನೂ ಬಾಗುತ್ತದೆ, ಯಾವುದು ಮುಗಿದಿದೆ. ಈ ವಿಂಗಡಣೆಯೇ ಇಡೀ ಕೆಲಸದ ಜೀವ ಎಂದು ನನಗೆ ಅಲ್ಲಿ ಕುಳಿತು ನೋಡಿದಾಗ ಮನದಟ್ಟಾಯಿತು.

ಮೊದಲ ಗುಂಪು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಪದ್ಮಿನಿಯ ಮುಂದಿನ ಒರಗನ್ನು ಹುಡುಗನೊಬ್ಬ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆ ಬ್ರಷ್ಷಿನಿಂದ ತಿಕ್ಕತೊಡಗಿದ. ನೊರೆ ಚಹಾದ ಬಣ್ಣಕ್ಕೆ ತಿರುಗಿತು. ರೆಕ್ಸಿನ್ನಿನ ಅಚ್ಚೊತ್ತಿದ ಗೆರೆಗಳೊಳಗೆ ಎಷ್ಟೋ ವರ್ಷದ ಬೆವರು, ಧೂಳು, ಪಾಲಿಶ್ ಗಟ್ಟಿಕಟ್ಟಿ ಕೂತಿತ್ತು. ಅಂಗೈಯಗಲ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆ ಒತ್ತಿ, ಮತ್ತೆ ಮುಂದಿನ ಅಂಗೈಯಗಲ. ಹೊಲಿಗೆಯ ಮೇಲೆ ನೀರು ನಿಲ್ಲಲು ಬಿಡುತ್ತಿರಲಿಲ್ಲ; ನೀರು ಸೂಜಿಯ ತೂತಿನಲ್ಲಿ ಇಳಿದರೆ ಹಿಂದಿನ ಬಟ್ಟೆ ಮುಗ್ಗುತ್ತದೆ. ಆ ಪದರ ಹೋದ ಮೇಲೆ ಒರಗಿನ ನಡುಭಾಗ ಕೈಗೆ ಬೇರೆಯೇ ವಸ್ತುವಾಗಿತ್ತು. ಅಲ್ಲಿ ಬೇರೇನೂ ಮಾಡಬೇಕಾಗಲಿಲ್ಲ.

ಎರಡನೆಯ ಗುಂಪಿಗೆ ಶಾಖ ಬೇಕು. ಕಾಯಿಸಿದರೆ ಒಣಗಿದ ಪಿವಿಸಿಯೂ ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಆರಿದರೆ ಮತ್ತೆ ಸೆಟೆಯುತ್ತದೆ. ಹಾಗಿದ್ದರೆ ಪ್ರಯೋಜನವೇನು ಎಂದರೆ, ಆ ಸ್ವಲ್ಪ ಹೊತ್ತಿನಲ್ಲಿ ಮಡಿಕೆಗಳನ್ನು ಬಿಡಿಸಬಹುದು, ಮುರಿಯದಂತೆ ಕವರನ್ನು ಬಿಚ್ಚಬಹುದು, ಮತ್ತೆ ತೊಡಿಸಬಹುದು. ತಣ್ಣಗಿರುವಾಗ ಎಳೆದ ಹಳೆ ರೆಕ್ಸಿನ್ ಹೊಲಿಗೆಯಲ್ಲೇ ಹರಿಯುತ್ತದೆ. ಉಸ್ತಾದರು ಹೀಟ್ ಗನ್ನನ್ನು ಒಂದು ಗೇಣಿನಷ್ಟು ದೂರ ಹಿಡಿದು, ಒಂದು ಕಡೆಯೂ ನಿಲ್ಲಿಸದೆ ಆಡಿಸುತ್ತಿದ್ದರು. ಇನ್ನೊಂದು ಕೈಯ ಹಿಂಭಾಗ ಸೀಟಿನ ಮೇಲೆಯೇ ಇತ್ತು: ಕೈ ತಾಳುವಷ್ಟು ಬಿಸಿ ಸಾಕು. ಅದಕ್ಕೆ ಮೀರಿದರೆ ಅಚ್ಚಿನ ಗೆರೆ ಕರಗಿ ಆ ಜಾಗ ಕನ್ನಡಿಯಂತೆ ಮಿಂಚುತ್ತದೆ, ಆ ಗೆರೆ ಮತ್ತೆ ಬರುವುದಿಲ್ಲ. ಮನೆಯಲ್ಲಿ ಮಾಡುವವರಿಗೆ ಕೂದಲು ಒಣಗಿಸುವ ಡ್ರೈಯರ್ ಸಾಕು. ಅದೂ ಇಲ್ಲದಿದ್ದರೆ ಬೆಳಗಿನ ಎಳೆಬಿಸಿಲಿನಲ್ಲಿ ಕವರನ್ನು ಅರ್ಧ ಗಂಟೆ ಹರಡಿದರೂ ಆದೀತು.

ಸೀಟಿನ ತಳ ಬಿಚ್ಚಿದಾಗ ನನಗೆ ನಿಜವಾದ ಪಾಠವಾಯಿತು. ಕವರಿನ ಅಂಚಿನಲ್ಲಿ ಹೊಲಿದ ತಂತಿಯನ್ನು ಲೋಹದ ಸಣ್ಣ ರಿಂಗುಗಳಿಂದ ಚೌಕಟ್ಟಿಗೆ ಬಿಗಿದಿದ್ದರು. ತುಕ್ಕು ಹಿಡಿದ ಆ ರಿಂಗುಗಳನ್ನು ಹುಡುಗ ಪಕ್ಕಡಿನಿಂದ ತಿರುಚಿ ಒಂದೊಂದಾಗಿ ಕಿತ್ತು ಡಬ್ಬಕ್ಕೆ ಹಾಕಿದ. ಕವರು ಎದ್ದಾಗ ಒಳಗಿನ ಕಥೆ ಕಂಡಿತು: ಸ್ಪ್ರಿಂಗಿನ ಮೇಲೆ ಗೋಣಿ, ಗೋಣಿಯ ಮೇಲೆ ತೆಂಗಿನ ನಾರಿನ ಪದರ, ಅದರ ಮೇಲೆ ಎಂದೋ ಹಾಕಿದ ತೆಳು ಫೋಮು. ಫೋಮು ಹಿಟ್ಟಾಗಿತ್ತು, ಬೆರಳಲ್ಲಿ ಒತ್ತಿದರೆ ಹಳದಿ ಪುಡಿ. ಡ್ರೈವರ್ ಕೂರುವ ಜಾಗದಲ್ಲಿ ನಾರು ತಳಕ್ಕೆ ಕುಸಿದಿತ್ತು, ಗೋಣಿ ಹರಿದು ಸ್ಪ್ರಿಂಗಿನ ತುದಿ ಮೇಲೆ ಬಂದಿತ್ತು. ಕೆಳಗೆ ಆಧಾರವಿಲ್ಲದಾಗ ಕೂತವರ ಭಾರವೆಲ್ಲ ರೆಕ್ಸಿನ್ನಿನ ಮೇಲೆ ಬೀಳುತ್ತದೆ. ಮೆತ್ತಗಿದ್ದಾಗ ಅದು ಹಿಗ್ಗಿ ತಾಳಿಕೊಂಡಿತು, ಒಣಗಿದ ಮೇಲೆ ಹಿಗ್ಗಲಾರದೆ ಸೀಳಿತು. 'ಎಲ್ಲಾರೂ ಮೇಲಿಂದು ನೋಡ್ತಾರೆ ಸಾರ್, ಹರಿಯೋದು ಕೆಳಗಿಂದ' ಎಂದರು ಉಸ್ತಾದರು. ಹೊಸ ಗೋಣಿ, ಹೊಸ ರಬ್ಬರ್ ಹಾಕಿದ ನಾರು, ಅದರ ಮೇಲೆ ಒಳ್ಳೆಯ ದಪ್ಪದ ಫೋಮು, ಫೋಮಿಗೂ ರೆಕ್ಸಿನ್ನಿಗೂ ನಡುವೆ ತೆಳು ಬಟ್ಟೆ. ಈ ಬಟ್ಟೆ ಇದ್ದರೆ ರೆಕ್ಸಿನ್ ಫೋಮಿಗೆ ಕಚ್ಚಿಕೊಳ್ಳದೆ ಕೂತಂತೆ ಜಾರುತ್ತದೆ. ಹಳೆ ರೆಕ್ಸಿನ್ನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಹೊರಗೆ ಕಾಣದ ಕೆಲಸವಾದ್ದರಿಂದ ಬಹಳ ಕಡೆ ಇದನ್ನೇ ಬಿಡುತ್ತಾರೆ.

ಕೊನೆಗೆ ಮೂರನೆಯ ಗುಂಪು, ಬದಲಿಸಲೇಬೇಕಾದ ತುಂಡುಗಳು. ಪದ್ಮಿನಿಯಲ್ಲಿ ಹಿಂದಿನ ಒರಗಿನ ಮೇಲ್ಪಟ್ಟಿ, ಮುಂದಿನ ಬೆಂಚಿನಲ್ಲಿ ಡ್ರೈವರ್ ಬದಿಯ ಕೂರುವ ಹಾಸು, ಬಲ ಅಂಚಿನ ಪೈಪಿಂಗ್, ಅಂದರೆ ಹೊಲಿಗೆಯ ಗುಂಟ ಬರುವ ದುಂಡನೆಯ ಅಂಚುಪಟ್ಟಿ. ಇಷ್ಟನ್ನು ಮಾತ್ರ ಹೊಸದು ಮಾಡುವುದು ಇಡೀ ಸೀಟನ್ನು ಹೊಸದು ಮಾಡುವುದಕ್ಕಿಂತ ಕಷ್ಟ. ಹೊಲಿಗೆಯನ್ನು ಬ್ಲೇಡಿನ ತುದಿಯಲ್ಲಿ ಒಂದೊಂದೇ ಕತ್ತರಿಸಿ ತುಂಡುಗಳನ್ನು ಬೇರ್ಪಡಿಸಬೇಕು, ಪ್ರತಿಯೊಂದರ ಹಿಂದೆ ಎಡ, ಬಲ, ಮೇಲು ಎಂದು ಬರೆದಿಡಬೇಕು, ಎರಡು ತುಂಡು ಸೇರುವಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು. ಸೀಳಿದ ಹಳೆಯ ತುಂಡೇ ಹೊಸದಕ್ಕೆ ಅಳತೆ. ಹಾಗಾಗಿ ಹಳೆ ಕವರನ್ನು ಯಾರೂ, ಎಷ್ಟೇ ಹರಿದಿರಲಿ, ಗುಜರಿಗೆ ಹಾಕಬಾರದು. ಕಾರ್ಖಾನೆ ಮುಚ್ಚಿ ಹೋದ ಕಾರಿನ ಸೀಟಿಗೆ ಬೇರೆ ನಕ್ಷೆ ಎಲ್ಲಿಂದ ತರುವುದು?

ಕತ್ತರಿಸುವಾಗ ಉಸ್ತಾದರು ರೆಕ್ಸಿನ್ನನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿದರು. ಅದು ಒಂದು ದಿಕ್ಕಿಗೆ ಹೆಚ್ಚು ಹಿಗ್ಗುತ್ತದೆ. ಎಡ ಬಲದ ತುಂಡುಗಳನ್ನು ಬೇರೆ ಬೇರೆ ದಿಕ್ಕಿಗೆ ಕತ್ತರಿಸಿದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಹೊಲಿಗೆಗೆ ಪಾಲಿಯೆಸ್ಟರ್ ದಾರ, ದಪ್ಪ ಸೂಜಿ, ನಾಲ್ಕೈದು ಮಿಲಿಮೀಟರಿನ ದೊಡ್ಡ ಹೊಲಿಗೆ. ಬಟ್ಟೆ ಹೊಲಿಯುವವರಂತೆ ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿಯ ಹಾಳೆಯ ತೂತುಗಳಂತಾಗಿ ಅದೇ ಗೆರೆಯಲ್ಲಿ ಹರಿಯುತ್ತದೆ. ಉಳಿಸಿಕೊಂಡ ಹಳೆಯ ತುಂಡಿನಲ್ಲಿ ಮಾತ್ರ ಹೊಸ ತೂತು ಬೀಳದಂತೆ, ಮೆಷೀನಿನ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ, ಸೂಜಿಯನ್ನು ಹಳೆಯ ತೂತಿಗೇ ಇಳಿಸುತ್ತಿದ್ದರು. ಗಲ್ಲಿಯಲ್ಲಿ ಆಟೋಗಳು ಹಾರ್ನು ಹೊಡೆಯುತ್ತಿದ್ದವು. ಅವರು ತಲೆ ಎತ್ತಲಿಲ್ಲ. ಸೀಟಿನ ತಳದಿಂದ ಸಿಕ್ಕ ಆ ಮೆತ್ತನೆಯ ಅಂಚನ್ನೂ ಬಿಡಲಿಲ್ಲ. ಅದರ ಜಾಗಕ್ಕೆ ಯಾರಿಗೂ ಕಾಣದ ಹೊಸ ಪಟ್ಟಿ ಹೊಲಿದು, ಆ ಹಳೆಯ ಪಟ್ಟಿಯನ್ನು ಬಲ ಅಂಚಿನ ಪೈಪಿಂಗಿಗೆ ಬಳಸಿದರು. ಕಣ್ಣಿಗೆ ಬೀಳುವ ಕಡೆ ಕಾರಿನ ಸ್ವಂತ ರೆಕ್ಸಿನ್ನೇ ಬಂತು.

ಬಣ್ಣ ಹೊಂದಿಸುವ ಮಾತು ಬಂದಾಗ ಮೇಡಂ, ಕಾಣುತ್ತಿರುವ ಮಾಸಿದ ಬಣ್ಣಕ್ಕೇ ಹೊಂದಿಸಿ ಎಂದರು. ಮಡಿಕೆಯೊಳಗಿನ ಮೂಲ ಬಣ್ಣಕ್ಕೆ ಹೊಂದಿಸಿದ್ದರೆ ಹೊಸ ತುಂಡು ಎದ್ದು ಕಾಣುತ್ತಿತ್ತು. ನನಗೂ ಅದೇ ಸರಿ ಎನಿಸಿತು. ವಿನೈಲಿಗೆಂದೇ ಬರುವ, ಒಣಗಿದ ಮೇಲೂ ಬಾಗುವ ಬಣ್ಣವನ್ನು ಗನ್ನಿನಲ್ಲಿ ತೆಳ್ಳಗೆ, ಎರಡು ಮೂರು ಸಲ ಸಿಂಪಡಿಸಬೇಕು. ದಪ್ಪಗೆ ಒಂದೇ ಸಲ ಹೊಡೆದರೆ ಕೂತ ಕೂಡಲೇ ಸಿಪ್ಪೆ ಏಳುತ್ತದೆ.

ಇಷ್ಟೆಲ್ಲ ಶ್ರಮ ಏಕೆ, ಹೊಸ ಕವರು ಹಾಕಿದರೆ ಮುಗಿಯಿತಲ್ಲ ಎಂದು ಗಲ್ಲಿಯಲ್ಲಿ ನಿಂತ ಒಬ್ಬರು ಕೇಳಿದರು. ಪದ್ಮಿನಿಗಳು ವೇಗವಾಗಿ ಮರೆಯಾಗುತ್ತಿವೆ. ಮುಂಬೈ ಬೀದಿಗಳಲ್ಲಿ ಉಳಿದಿದ್ದ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಕೇಂದ್ರದ 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಮೊದಮೊದಲ ಪದ್ಮಿನಿಗಳು ಈಗ ಆ ಗೆರೆಗೆ ಬಂದಿವೆ. ಎಂಜಿನ್ನಿಗೆ, ಬಾಡಿಗೆ ಜನ ತೋರಿಸುವ ಅಕ್ಕರೆಯನ್ನು ಸೀಟಿಗೆ ತೋರಿಸುವುದಿಲ್ಲ ಎನ್ನುವುದು ನನ್ನ ಕೊರಗು. ಆ ಕಾಲದ ಅಚ್ಚಿನ ಗೆರೆ, ಪಟ್ಟೆ ಹೊಲಿಗೆಯ ಅಗಲ, ಪೈಪಿಂಗಿನ ದಪ್ಪ ಇವೆಲ್ಲ ಇವತ್ತು ಹಾಗೆಯೇ ಸಿಗುವುದು ಅಪರೂಪ. ಒಂದು ಸಲ ಕಿತ್ತೆಸೆದರೆ ಆ ಸೀಟು ಹೇಗಿತ್ತು ಎಂದು ತೋರಿಸಲು ಫೋಟೋ ಬಿಟ್ಟರೆ ಏನೂ ಉಳಿಯುವುದಿಲ್ಲ.

ಕವರು ತೊಡಿಸುವ ದಿನ ಮತ್ತೆ ಹೋದೆ. ಹೊಲಿದ ಕವರನ್ನು ಗಲ್ಲಿಯ ಬಿಸಿಲಿನಲ್ಲಿ ಒಳಮೈ ಮೇಲಾಗಿ ಹರಡಿದ್ದರು. ಬೆಚ್ಚಗಾದ ಮೇಲೆ ಇಬ್ಬರು ಹುಡುಗರು ಎರಡು ಮೂಲೆ ಹಿಡಿದು ನಡುವಿನಿಂದ ಹೊರಕ್ಕೆ ತಟ್ಟುತ್ತ ಎಳೆದರು, ಉಸ್ತಾದರು ಕೆಳಗೆ ಕೂತು ಹೊಸ ರಿಂಗುಗಳನ್ನು ಒತ್ತಿದರು. ಬೆಚ್ಚಗಿರುವಾಗ ಎಳೆದದ್ದು ಆರುತ್ತ ಬಿಗಿಯಾಗುತ್ತದೆ, ಸುಕ್ಕುಗಳು ತಾವಾಗಿ ಹೋಗುತ್ತವೆ.

ಮೇಡಂ ಬೆಂಚಿನ ಮೇಲೆ ಕೂತು, ಇತ್ತ ಜರುಗಿ, ಅತ್ತ ಜರುಗಿ ನೋಡಿದರು. 'ಇನ್ನು ಇದಕ್ಕೆ ಏನು ಹಚ್ಚಬೇಕು ಭಾಯ್?'

'ಏನೂ ಹಚ್ಚಬೇಡಿ ಮೇಡಂ. ಒದ್ದೆ ಬಟ್ಟೆಯಲ್ಲಿ ಒರೆಸಿ, ಅಷ್ಟು ಸಾಕು. ನೆರಳಲ್ಲಿ ನಿಲ್ಲಿಸಿ. ನೆರಳು ಇಲ್ಲ ಅಂದ್ರೆ ಹಿಂದಿನ ಗ್ಲಾಸಿಗೆ ಒಂದು ಬಟ್ಟೆ ಕಟ್ಟಿ.'

ಉಳಿದ ಒಂದು ಮೀಟರಿನಷ್ಟು ರೆಕ್ಸಿನ್ನನ್ನು ಅವರು ಮಡಚದೆ, ಮೇಲ್ಮೈ ಹೊರಗೆ ಬರುವಂತೆ ಒಂದು ರಟ್ಟಿನ ಕೊಳವೆಗೆ ಸುತ್ತಿ ಕೊಟ್ಟರು. ಮಡಚಿದರೆ ಮಡಿಕೆಯ ಗೆರೆಯಲ್ಲೇ ಬಿರುಕು ಬರುತ್ತದೆ. ಮೇಡಂ ಅದನ್ನು ಡಿಕ್ಕಿಯಲ್ಲಿ ಇಡಲು ಹೊರಟಾಗ ತಡೆದು, ಊರು ಮುಟ್ಟಿದ ಕೂಡಲೇ ಮನೆಯೊಳಗಿನ ಬೀರುವಿಗೆ ಸೇರಿಸಿ, ಬಿಸಿಲಲ್ಲಿ ಡಿಕ್ಕಿಯೂ ಒಲೆಯೇ ಎಂದರು. ಮುಂದೆ ಎಂದಾದರೂ ಆ ಸೀಟಿನ ಇನ್ನೊಂದು ತುಂಡು ಹೋದರೆ, ಬಣ್ಣ, ಅಚ್ಚು ಎರಡೂ ಹೊಂದುವ ರೆಕ್ಸಿನ್ ಹುಡುಕಿಕೊಂಡು ಅವರು ಜೆ.ಸಿ. ರಸ್ತೆ ಅಲೆಯಬೇಕಿಲ್ಲ.